ಗುಜರಿಗೆ ಹಾಕೋ ಮುಂಚೆ ತಟ್ಟೆ ತಿರುಗಿಸಿ ನೋಡ್ರಿ: ಹಳೇ ಗಾಜಿನ ಪಾತ್ರೆ ಗುರುತಿಸೋದು ಹೇಗೆ?

ಪಾಡ್‌ಕಾಸ್ಟ್ ಕಂತಿನ ಬರಹ ರೂಪ

[00:00] ತೂಕಕ್ಕೆ ಬೆಲೆ ಇಲ್ಲದ ವಸ್ತು

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಡ್ಯಾಂ ಕಡೆ ವಾಕಿಂಗ್ ಹೊರಟಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತಿನ ವಿಷಯ ನಿಮ್ಮ ಮನೆ ಶೋಕೇಸ್‌ನಲ್ಲೇ ಇದೆ: ಹಳೇ ಗಾಜಿನ ತಟ್ಟೆ, ಬಡಿಸೋ ಬೌಲು, ಕಪ್ಪು-ಬಶಿ, ಜಗ್ಗು.

ಮೊದ್ಲು ಒಂದು ಸಣ್ಣ ಲೆಕ್ಕ. ಮನೆ ಖಾಲಿ ಮಾಡುವಾಗ ಹಿತ್ತಾಳೆ, ತಾಮ್ರ, ಸ್ಟೀಲು ಎಲ್ಲಕ್ಕೂ ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕ ಇರುತ್ತೆ. ಗಾಜಿನ ತಟ್ಟೆಗೆ? ಯಾರೂ ಕೇಳೋದೇ ಇಲ್ಲ. ಬಿ.ಕಾಂ. ಭಾಷೆಯಲ್ಲಿ ಹೇಳೋದಾದ್ರೆ, ಅದರ ಸ್ಕ್ರ್ಯಾಪ್ ವ್ಯಾಲ್ಯೂ ಹೆಚ್ಚುಕಮ್ಮಿ ಸೊನ್ನೆ. ಹಾಗಾಗಿ ಅದು ನೇರ ಕಸದ ಗಾಡಿಗೆ ಹೋಗುತ್ತೆ. ಯಾರಾದ್ರೂ ಗುರುತು ಹಿಡಿದ್ರೆ ಮಾತ್ರ ಉಳಿಯುತ್ತೆ.

[01:20] ಟಿ.ಬಿ. ಡ್ಯಾಂ ಯಾಕೆ?

ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಆಗ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಚೆ ದಡದ ಮುನಿರಾಬಾದ್ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಎರಡೂ ಸರ್ಕಾರ ಸೇರಿ ಕಟ್ಟಿಸಿದ ಡ್ಯಾಂ ಇದು. ಹಾಗಾಗಿ ಕೆಲಸಕ್ಕೆ ಬಂದವರಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡೋರು ಎಲ್ಲರೂ ಇದ್ದರು. ಕ್ವಾರ್ಟರ್ಸ್ ಎದ್ದವು, ಸಂಸಾರಗಳು ಬಂದವು.

ವರ್ಗಾವಣೆ ಆಗೋ ಮನೆಗಳಲ್ಲಿ ಸಾಮಾನು ಊರೂರು ಸುತ್ತಿರುತ್ತೆ. ಮಡಿ ಇದ್ದ ಮನೆಗಳಲ್ಲಿ ಪಿಂಗಾಣಿ ಅಡುಗೆಮನೆ ಒಳಗೆ ಬರ್ತಿರಲಿಲ್ಲ, ಬಂದವರಿಗೆ ಚಹಾ ಕೊಡೋಕೆ ಹೊರಗಿನ ಕಪಾಟಲ್ಲಿ ಇರ್ತಿತ್ತು. ಇನ್ನು ಕೆಲವು ಮನೆಗಳಲ್ಲಿ ಒಳ್ಳೇ ಗಾಜಿನ ಬಟ್ಟಲು ಈದ್ ದಿನ ಶೀರ್ ಕುರ್ಮಾಕ್ಕೆ ಮಾತ್ರ ಹೊರಗೆ ಬರ್ತಿತ್ತು. ದಿನಾ ಬಳಸದೆ ಇದ್ದಿದ್ದಕ್ಕೇ ಇವು ಉಳಿದಿರೋದು. ಈಗ ನಿವೃತ್ತಿ ಆಗಿ ಕ್ವಾರ್ಟರ್ಸ್ ಕೀಲಿ ವಾಪಸ್ ಕೊಡುವಾಗ, ಸಣ್ಣ ಫ್ಲ್ಯಾಟಿಗೆ ಹೋಗುವಾಗ, ಮೊದ್ಲು ಹೊರಗೆ ಬೀಳೋದೂ ಇವೇ.

[03:10] ಮೊದಲನೇ ಪರೀಕ್ಷೆ: ಇದು ಗಾಜಾ, ಪಿಂಗಾಣಿನಾ?

ನಾವು ಬಿಳಿ ತಟ್ಟೆ ಎಲ್ಲದಕ್ಕೂ ಪಿಂಗಾಣಿ ಅಂತೀವಿ. ಆದ್ರೆ ಅದರಲ್ಲಿ ಎಷ್ಟೋ ತಟ್ಟೆಗಳು ಓಪಲ್ ಗಾಜು, ಅಂದ್ರೆ ಹಾಲಿನ ಬಣ್ಣ ಬರೋ ಹಾಗೆ ಮಾಡಿದ ಗಾಜು. ತಟ್ಟೆ ಮಗುಚಿ, ಕೆಳಗಿನ ಉಂಗುರದ ಮೇಲೆ ಬೆರಳು ಆಡಿಸಿ. ಪಿಂಗಾಣಿ ಆಗಿದ್ರೆ ಸಾಮಾನ್ಯವಾಗಿ ಆ ಉಂಗುರ ಒರಟು, ಯಾಕಂದ್ರೆ ಭಟ್ಟಿಯಲ್ಲಿ ಕೂರೋ ಜಾಗಕ್ಕೆ ಹೊಳಪಿನ ಲೇಪ ಹಚ್ಚೋದಿಲ್ಲ. ಓಪಲ್ ಆಗಿದ್ರೆ ಎಲ್ಲ ಕಡೆ ಒಂದೇ ನುಣುಪು.

ಪಾರದರ್ಶಕ ಗಾಜಿನ ಬೌಲ್ ಆಗಿದ್ರೆ ಅಂಚಿನಲ್ಲಿ ಸಣ್ಣ ಗೆರೆ ಹುಡುಕಿ. ಕಾದ ಗಾಜನ್ನ ಅಚ್ಚಿಗೆ ಹಾಕಿ ಮೇಲಿಂದ ಒತ್ತುವಾಗ, ಅಚ್ಚಿನ ಭಾಗಗಳು ಸೇರೋ ಜಾಗದಲ್ಲಿ ಈ ಗೆರೆ ಏಳುತ್ತೆ. ಗೆರೆ ಇದ್ರೆ ಅದು ಅಚ್ಚಿನ ಗಾಜು. ಕೈಯಲ್ಲಿ ಕೆತ್ತಿದ ಕಟ್ ಗ್ಲಾಸ್ ಆಗಿದ್ರೆ ವಿನ್ಯಾಸದ ಅಂಚು ಬೆರಳಿಗೆ ಚೂಪಾಗಿ ಸಿಗುತ್ತೆ, ಅಚ್ಚಿನದು ಮೊಂಡಾಗಿರುತ್ತೆ.

[04:40] ಎರಡನೇ ಪರೀಕ್ಷೆ: ಮುದ್ರೆ ಓದಿ

ನಿಜವಾದ ಪತ್ತೇದಾರಿ ಕೆಲಸ ಇಲ್ಲಿದೆ. ಫೋನಿನ ಟಾರ್ಚ್ ಓರೆಯಾಗಿ ಹಿಡಿದು ತಳ ನೋಡ್ರಿ.

‘ಯೆರಾ’ ಅಂತಿದ್ರೆ ಅದು ಅಲೆಂಬಿಕ್ ಗ್ಲಾಸ್‌ನ ಬ್ರ್ಯಾಂಡ್, ವಡೋದರದ್ದು. ‘ಬೊರೊಸಿಲ್’ ಕಂಪನಿ ಶುರುವಾದದ್ದು 1962ರಲ್ಲಿ, ‘ಲಾ ಓಪಾಲಾ’ 1980ರ ದಶಕದ ಕೊನೇಲಿ. ಹಾಗಾಗಿ ಲಾ ಓಪಾಲಾ ಮುದ್ರೆ ಇರೋ ತಟ್ಟೆಯನ್ನ ಯಾರಾದ್ರೂ ‘ಬ್ರಿಟಿಷರ ಕಾಲದ್ದು’ ಅಂತ ಮಾರೋಕೆ ಬಂದ್ರೆ, ನಗ್ತಾ ಎದ್ದು ಬನ್ನಿ.

‘ಆರ್ಕೋಪಾಲ್ ಫ್ರಾನ್ಸ್’ ಅಂತಿರೋ ಹೂವಿನ ಬಿಳಿ ತಟ್ಟೆ ಗಲ್ಫ್‌ಗೆ ದುಡಿಯೋಕೆ ಹೋದವರ ಸೂಟ್‌ಕೇಸಲ್ಲಿ ಬಂದಿರಬಹುದು. ಆ ಬ್ರ್ಯಾಂಡ್ ಹುಟ್ಟಿದ್ದು 1958ರಲ್ಲಿ. ಫ್ರಾನ್ಸಿನದೇ ಇನ್ನೊಂದು ‘ಡ್ಯುರಾಲೆಕ್ಸ್’. ಅದರ ಲೋಟದ ತಳದಲ್ಲಿ ಒಂದು ಸಂಖ್ಯೆ ಇರುತ್ತೆ. ಅದು ಇಸವಿ ಅಲ್ಲ, ಅಚ್ಚಿನ ನಂಬರ್. ಫ್ರಾನ್ಸಿನ ಮಕ್ಕಳು ಊಟಕ್ಕೆ ಕೂತಾಗ ‘ನಿನಗೆಷ್ಟು ವಯಸ್ಸು’ ಅಂತ ಆ ಸಂಖ್ಯೆ ನೋಡಿ ಆಟ ಆಡ್ತಾರೆ.

ಈಗ ನಂಗೆ ತುಂಬಾ ಇಷ್ಟವಾದ ಟ್ರಿಕ್: ಇಲ್ಲದ ಊರು, ಇಲ್ಲದ ದೇಶದ ಹೆಸರು ಹುಡುಕಿ. ‘ಪಶ್ಚಿಮ ಜರ್ಮನಿ’ ಅಂತಿದ್ರೆ 1949ರಿಂದ 1990ರ ನಡುವಿನದು. ‘ಆಕ್ಯುಪೈಡ್ ಜಪಾನ್’ ಅಂತಿದ್ರೆ ಯುದ್ಧ ಮುಗಿದ ಮೇಲೆ, 1952ರ ಒಳಗೆ. ಡಬ್ಬಿ ಇನ್ನೂ ಇದ್ಯಾ? ಅದರ ವಿಳಾಸ ಓದಿ. ನಮ್ಮಲ್ಲಿ ಪಿನ್‌ಕೋಡ್ ಬಂದದ್ದು 1972ರಲ್ಲಿ, ಬಾಂಬೆ ಮುಂಬೈ ಆದದ್ದು 1995ರಲ್ಲಿ, ಮದ್ರಾಸ್ ಚೆನ್ನೈ ಆದದ್ದು 1996ರಲ್ಲಿ. ವಿಳಾಸದಲ್ಲಿ ‘ಬಾಂಬೆ’ ಜೊತೆ ಪಿನ್‌ಕೋಡೂ ಇದ್ರೆ, ಹೆಚ್ಚಾಗಿ ಅದು ಈ ಎರಡು ಇಸವಿಗಳ ನಡುವಿನ ಡಬ್ಬಿ. ಹಳೇ ರಟ್ಟಿನ ಡಬ್ಬಿ ಎಸೀಬೇಡಿ ಅನ್ನೋದು ಇದಕ್ಕೇ.

[06:50] ಮೂರನೇ ಪರೀಕ್ಷೆ: ಸವೆತ ಮತ್ತು ಬೆಳಕು

ಮುದ್ರೆ ಇಲ್ದೇ ಇದ್ರೆ? ನಿಜವಾಗ್ಲೂ ಬಳಸಿದ ತಟ್ಟೆಯ ತಳದಲ್ಲಿ ಕೂದಲೆಳೆಯಂಥ ಗೀರು ಎಲ್ಲ ದಿಕ್ಕಿಗೂ ಇರುತ್ತೆ, ಅದೂ ಟೇಬಲ್ಲಿಗೆ ತಾಗೋ ಜಾಗದಲ್ಲಿ ಮಾತ್ರ. ಎಲ್ಲ ಗೀರೂ ಒಂದೇ ದಿಕ್ಕಿಗೆ, ಸಾಲಾಗಿ ಇದ್ರೆ ಅನುಮಾನ ಪಡಿ. ಮರಳು ಕಾಗದ ಹಚ್ಚಿ ಉಜ್ಜಿರಬಹುದು.

ನೋಟು ಚೆಕ್ ಮಾಡೋ ಯುವಿ ಲೈಟ್ ಇದ್ರೆ, ಹಳದಿ-ಹಸಿರು ಛಾಯೆಯ ಗಾಜಿನ ಮೇಲೆ ಕತ್ತಲಲ್ಲಿ ಬಿಟ್ಟು ನೋಡಿ. ಢಾಳಾಗಿ ಹಸಿರು ಹೊಳೆದ್ರೆ ಅದು ಯುರೇನಿಯಂ ಗಾಜು ಆಗಿರಬಹುದು. ಗಾಬರಿ ಬೇಡ, ಅದರ ವಿಕಿರಣ ತೀರಾ ಕಡಿಮೆ. ಶೋಕೇಸಲ್ಲಿ ಇಡಿ, ಊಟಕ್ಕೆ ಬೇಡ.

[08:00] ಬಳಸಬಹುದಾ?

ಹಳೇ ತಟ್ಟೆಯ ಬಣ್ಣದ ಚಿತ್ತಾರದಲ್ಲಿ ಸೀಸ, ಕ್ಯಾಡ್ಮಿಯಂ ಇರೋ ಸಾಧ್ಯತೆ ಇದೆ. ಹುಳಿ ಪದಾರ್ಥ ಅದನ್ನ ಎಬ್ಬಿಸುತ್ತೆ. ಹಾಗಾಗಿ ಉಪ್ಪಿನಕಾಯಿ, ಮೊಸರು, ಚಿತ್ರಾನ್ನ ಅದರಲ್ಲಿ ಬೇಡ. ಚಿನ್ನದ ಗೆರೆ ಇದ್ರೆ ಮೈಕ್ರೋವೇವ್‌ಗೆ ಇಡಲೇಬೇಡಿ. ಮಾಮೂಲಿ ಅಚ್ಚಿನ ಗಾಜಿಗೆ ಕುದಿಯೋ ಸಾರು ಹಾಕಿದ್ರೆ ಟಪ್ ಅಂತ ಸೀಳುತ್ತೆ.

ಗಾಜು ಮಂಜು ಮಂಜಾಗಿದ್ಯಾ? ಬೋರ್ ನೀರಿನ ಸುಣ್ಣದ ಕಲೆ ಆಗಿದ್ರೆ ಬಿಳಿ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿದ್ರೆ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಗಾಜಿನ ಮೈಯೇ ಸವೆದಿದೆ ಅಂತ ಅರ್ಥ, ಅಂಥದ್ದಕ್ಕೆ ದುಡ್ಡು ಕೊಡೋ ಮುಂಚೆ ಯೋಚಿಸಿ.

[09:10] ಕೊಳ್ಳೋದು, ಮಾರೋದು

ಆನ್‌ಲೈನಲ್ಲಿ ಯಾರೋ 8,000 ಅಂತ ಬರೆದಿದ್ರೆ ಅದು ಕೇಳಿದ ಬೆಲೆ, ಮಾರಿದ ಬೆಲೆ ಅಲ್ಲ. ಚಿನ್ನ ಆದ್ರೆ ಇವತ್ತೇ ಮಾರಬಹುದು, ತಟ್ಟೆಗೆ ಗಿರಾಕಿ ಸಿಗೋವರೆಗೂ ಕಾಯಬೇಕು. ಇದನ್ನ ಹೂಡಿಕೆ ಅಂತ ಮಾಡಬೇಡಿ. ಶುರು ಮಾಡೋದಾದ್ರೆ ಒಂದೇ ಬಗೆ ಹಿಡೀರಿ: ಬರೀ ಬಡಿಸೋ ಬೌಲು, ಇಲ್ಲಾ ಬರೀ ಯೆರಾ. ಅಂಚು ಮುಕ್ಕಾದದ್ದು ಬೇಡ. ಬೆರಳ ತುದಿಯಿಂದ ಮೆಲ್ಲಗೆ ಅಂಚು ಸವರಿದ್ರೆ ಕಣ್ಣಿಗೆ ಕಾಣದ ಮುಕ್ಕೂ ಗೊತ್ತಾಗುತ್ತೆ.

[10:05] ಮನೆ ಕಪಾಟು ಬೇರೆ, ಹಂಪಿ ನೆಲ ಬೇರೆ

ನಮ್ಮ ಕಡೆಯವರು ಇದನ್ನ ಗಮನ ಇಟ್ಟು ಕೇಳಿ. ಹಂಪಿಯ ಭೋಜನಶಾಲೆಯಲ್ಲಿ ಕಲ್ಲಲ್ಲೇ ಕೊರೆದ ತಟ್ಟೆ ಸಾಲು ನೋಡಿರ್ತೀರಿ, ಪಲ್ಯಕ್ಕೆ, ಗೊಜ್ಜಿಗೆ ಗುಳಿ ಸಮೇತ. ಅಲ್ಲಿನ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ. ದೂರದೇಶದ ತಟ್ಟೆ ತರಿಸೋ ಆಸೆ ವಿಜಯನಗರದವರಿಗೂ ಇತ್ತು ಅನ್ನಿ. ಆದ್ರೆ ಅಲ್ಲಿ ನೆಲದ ಮೇಲೆ ಒಂದು ಚೂರು ಕಂಡರೂ ಜೇಬಿಗೆ ಹಾಕಬೇಡಿ. ಯಾವ ಜಾಗದಲ್ಲಿ ಬಿದ್ದಿತ್ತು ಅನ್ನೋದೇ ಅದರ ಇತಿಹಾಸ, ಎತ್ತಿದ್ರೆ ಅದು ಅಳಿಸಿಹೋಯ್ತು. ಕಾನೂನೂ ಇದೆ: 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕುಶಲ ವಸ್ತು ಪುರಾವಸ್ತು ಆಗಬಹುದು. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗೇ ಇಲ್ಲ.

[11:15] ಈ ವಾರದ ಕೆಲಸ

ಮನೆಯ ಐದು ಗಾಜಿನ ಸಾಮಾನು ಆರಿಸ್ಕೊಳ್ಳಿ. ಮೇಲಿಂದ ಒಂದು ಫೋಟೋ, ತಳದ್ದೊಂದು ಫೋಟೋ. ಆಮೇಲೆ ಅಜ್ಜಿನೋ ಅಮ್ಮನೋ ಪಕ್ಕದಲ್ಲಿ ಕೂರಿಸಿ ಕೇಳಿ: ಇದನ್ನ ಯಾರು ತಂದ್ರು, ಯಾವ ಊರಲ್ಲಿದ್ದಾಗ, ಯಾರು ಬಂದಾಗ ಇದರಲ್ಲಿ ಬಡಿಸ್ತಿದ್ರಿ? ಫೋನಲ್ಲೇ ರೆಕಾರ್ಡ್ ಮಾಡಿ. ಕಂಪನಿ ಯಾವುದು ಅಂತ ಮುದ್ರೆ ಹೇಳುತ್ತೆ, ಯಾರ ಮನೆಯದು ಅಂತ ಅವರು ಮಾತ್ರ ಹೇಳಬಲ್ಲರು. ಸೆಟ್ಟಲ್ಲಿ ಆರರ ಪೈಕಿ ಎರಡೇ ಉಳಿದಿದ್ರೂ ಪರ್ವಾಗಿಲ್ಲ. ಆ ಎರಡನ್ನ ಪೇಪರ್‌ನಲ್ಲಿ ಸುತ್ತಿ, ಮೇಲೆ ಹೆಸರು ಬರೆದಿಡಿ.

ಮುಂದಿನ ಕಂತಲ್ಲಿ ಸಿಗೋಣ. ನಮಸ್ಕಾರ.