ಆರ್‌ಎನ್‌ಎ ಮೇಲಿನ ಷರಾ

ಗಿಡ ಯಾವಾಗ ಹೂ ಬಿಡಬೇಕು, ಉಪ್ಪುನೆಲದಲ್ಲಿ ಹೇಗೆ ತಾಳಬೇಕು ಎಂಬುದೆಲ್ಲ ಡಿಎನ್‌ಎಯಲ್ಲೇ ಇದೆ ಎನ್ನುತ್ತದೆ ಶಾಲೆಯ ಪಾಠ. ಅದು ಅರ್ಧ ಮಾತು. ಡಿಎನ್‌ಎಯಿಂದ ನಕಲಾಗಿ ಹೊರಬರುವ ಸಂದೇಶವಾಹಕ ಆರ್‌ಎನ್‌ಎ ಮೇಲೆ ಜೀವಕೋಶವು ಅಲ್ಲಲ್ಲಿ, ಅಡೆನಿನ್ ಇರುವೆಡೆ, ಪುಟ್ಟ ಮೀಥೈಲ್ ಗುಂಪೊಂದನ್ನು ಅಂಟಿಸುತ್ತದೆ. ಎಂ6ಎ ಎಂಬ ಈ ಗುರುತು ಕಡತದ ಅಂಚಿನಲ್ಲಿ ಅಧಿಕಾರಿ ಬರೆಯುವ ಷರಾದಂತೆ: ಒಕ್ಕಣೆಯನ್ನು ತಿದ್ದುವುದಿಲ್ಲ, ಕಡತ ಎಷ್ಟು ಕಾಲ ಉಳಿಯಬೇಕು, ಎಷ್ಟು ಬೇಗ ವಿಲೇವಾರಿಯಾಗಬೇಕು ಎಂಬುದನ್ನು ಪ್ರಭಾವಿಸುತ್ತದೆ.

ಸಸ್ತನಿಗಳ ಕೋಶಗಳಲ್ಲಿ ಇದು 1974ರಲ್ಲೇ ಕಂಡಿತ್ತು. 1979ರಲ್ಲಿ ಗೋಧಿ, ಮೆಕ್ಕೆಜೋಳಗಳಲ್ಲೂ ಸಿಕ್ಕಿತು. ಆಮೇಲೆ ಮೂರು ದಶಕ ಹೆಚ್ಚುಕಡಿಮೆ ಮೌನ. ಗುರುತು ಒಟ್ಟು ಎಷ್ಟಿದೆ ಎಂದು ಅಳೆಯಬಹುದಿತ್ತೇ ಹೊರತು ಯಾವ ಆರ್‌ಎನ್‌ಎ ಮೇಲೆ, ಎಲ್ಲಿದೆ ಎಂದು ತಿಳಿಯುವ ದಾರಿ ಇರಲಿಲ್ಲ. 2008ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರೂಪರ್ಟ್ ಫ್ರೇ ಮತ್ತು ಸಂಗಡಿಗರು ಸಾಸಿವೆ ಕುಟುಂಬದ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಗುರುತು ಹಚ್ಚುವ ಎಂಟಿಎ ಕಿಣ್ವವನ್ನೇ ಇಲ್ಲವಾಗಿಸಿದರು. ಭ್ರೂಣ ಗುಂಡನೆಯ ಹಂತ ದಾಟಲೇ ಇಲ್ಲ. 2012ರ ಹೊತ್ತಿಗೆ ಗುರುತುಗಳ ನಕ್ಷೆ ತೆಗೆಯುವ ವಿಧಾನ ಬಂದ ಮೇಲೆ ಕೆಲಸ ಚುರುಕಾಯಿತು. ಗುರುತು ಅಳಿಸುವ ಎಎಲ್‌ಕೆಬಿಎಚ್10ಬಿ ಕಿಣ್ವವಿಲ್ಲದ ಗಿಡ ತಡವಾಗಿ ಹೂ ಬಿಡುತ್ತದೆಂದು 2017ರಲ್ಲಿ ಗೊತ್ತಾಯಿತು. ಹೂ ಬಿಡಲು ಬೇಕಾದ ಎಫ್‌ಟಿ ಜೀನಿನ ಆರ್‌ಎನ್‌ಎ ಅಂಥ ಗಿಡದಲ್ಲಿ ಬೇಗ ನಶಿಸುತ್ತದೆ. ಉಪ್ಪಿನ ಒತ್ತಡದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಅದನ್ನೆದುರಿಸುವ ಆರ್‌ಎನ್‌ಎಗಳ ಮೇಲೆ ಗುರುತು ಬಿದ್ದು, ಅವು ತುಂಡಾಗದೆ ಉಳಿಯುತ್ತವೆ ಎಂದಿತು 2018ರ ಅಧ್ಯಯನ. ಹಾಗಾದರೆ ಗುರುತಿಗೆ ಒಂದೇ ಅರ್ಥವಿಲ್ಲ. ಅದು ಯಾವ ಆರ್‌ಎನ್‌ಎ ಮೇಲಿದೆ, ಯಾವ ಪ್ರೋಟೀನು ಅದನ್ನು ಓದುತ್ತದೆ ಎಂಬುದರ ಮೇಲೆ ಪರಿಣಾಮ ನಿಂತಿದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಕಿಣ್ವವೊಂದನ್ನು ಕಿತ್ತುಹಾಕಿದರೆ ಗಿಡ ಕೆಡುವುದು ಸಹಜ. ಆ ಕಿಣ್ವಕ್ಕೆ ಬೇರೆ ಕೆಲಸವೂ ಇದ್ದೀತು, ತಪ್ಪು ಗುರುತಿನದೇ ಎನ್ನಲು ಆಧಾರವೇನು? ಇದಕ್ಕೆ ಉತ್ತರ ಇಸಿಟಿ2 ಎಂಬ ಓದುಗ ಪ್ರೋಟೀನಿನ ಪ್ರಯೋಗದಲ್ಲಿದೆ. ಪ್ರೋಟೀನನ್ನು ಹಾಗೆಯೇ ಇಟ್ಟು, ಮೀಥೈಲನ್ನು ಹಿಡಿಯುವ ಅದರ ಪುಟ್ಟ ಕುಳಿಯನ್ನಷ್ಟೇ ಕೆಡಿಸಿದಾಗಲೂ, ಆ ಪ್ರೋಟೀನೇ ಇಲ್ಲದ ಗಿಡದಲ್ಲಿ ಆಗುವಂತೆ, ಎಲೆಗಳ ಮೇಲಿನ ರೋಮಗಳ ಕವಲು ಹದಗೆಟ್ಟಿತು. ಇಂಥ ಪ್ರಯೋಗದ ಮುಂದೆ, ಗುರುತು ಬರೀ ಅಲಂಕಾರ ಎಂಬ ವಾದ ನಿಲ್ಲುವುದಿಲ್ಲ.

ಭತ್ತದ ಕಥೆ ಇಷ್ಟು ಸಲೀಸಲ್ಲ. ಗುರುತು ಅಳಿಸುವ ಮನುಷ್ಯರ ಎಫ್‌ಟಿಒ ಜೀನನ್ನು (ಬೊಜ್ಜಿನ ನಂಟಿನಿಂದ ಮೊದಲು ಹೆಸರಾದದ್ದು ಇದೇ) ಭತ್ತ ಮತ್ತು ಆಲೂಗಡ್ಡೆಗೆ ಸೇರಿಸಿದಾಗ ಹೊಲದಲ್ಲಿ ಇಳುವರಿ ಸುಮಾರು 50% ಏರಿತೆಂದು 2021ರಲ್ಲಿ ಷಿಕಾಗೊದ ಚುವಾನ್ ಹೆ ಮತ್ತು ಚೀನಾದ ಸಹೋದ್ಯೋಗಿಗಳು ವರದಿ ಮಾಡಿದರು. ಬೇರು ಬಲಿತವು, ತೆಂಡೆಗಳು ಹೆಚ್ಚಿದವು, ಬರ ತಾಳುವ ಶಕ್ತಿಯೂ ಬಂತು. ಗುರುತಿಲ್ಲದೆ ಭ್ರೂಣವೇ ಸಾಯುತ್ತದೆ, ಗುರುತು ಅಳಿಸಿದರೆ ಪೈರು ಕೊಬ್ಬುತ್ತದೆ ಎಂದರೆ ಹೇಗೆ? ಎಫ್‌ಟಿಒ ಎಲ್ಲವನ್ನೂ ಒರೆಸಿಹಾಕುವುದಿಲ್ಲ, ಗುರುತಿನ ಪ್ರಮಾಣವನ್ನು ತಗ್ಗಿಸುತ್ತದೆ ಅಷ್ಟೆ. ಜೊತೆಗೆ ವರ್ಣತಂತುಗಳನ್ನು ಸಡಿಲಿಸಿ ಎಷ್ಟೋ ಜೀನುಗಳನ್ನು ಒಟ್ಟಿಗೇ ಚುರುಕಾಗಿಸುತ್ತದೆ. ಅದರ ಬಲವೂ ಅದೇ, ಅಪಾಯವೂ ಅದೇ. ಇಂಥ ಬೆಳೆಯ ಸುದ್ದಿ ಕಂಡಾಗ ಶೇಕಡಾವಾರು ಲೆಕ್ಕಕ್ಕೆ ಮರುಳಾಗುವ ಮುನ್ನ ಓದುಗರು ಕೇಳಬೇಕಾದದ್ದು, ಯಾವ ಆರ್‌ಎನ್‌ಎ ಮೇಲಿನ ಯಾವ ಗುರುತು ಅಳಿಸಿದ್ದಾರೆ ಎಂದು.