ಕೊರಳಿಗೆ ಸುತ್ತಿದ ಹೊಕ್ಕುಳಬಳ್ಳಿ: ನಂಬಿಕೆ ಮತ್ತು ವೈದ್ಯವಿವೇಚನೆ

ಹೊಕ್ಕುಳಬಳ್ಳಿಯನ್ನು ಕೊರಳಿಗೆ ಸುತ್ತಿಕೊಂಡು ಹುಟ್ಟುವುದನ್ನು ‘ಮಾಲೆ ಹಾಕಿಕೊಂಡು ಹುಟ್ಟುವುದು’ ಎನ್ನುವ ರೂಢಿಯಿದೆ. ಇಂತಹ ಮಗು ಸೋದರಮಾವನಿಗೆ ಆಗದೆಂಬ ನಂಬಿಕೆಯೂ, ಮಾವನು ಮೊದಲು ಎಣ್ಣೆಯ ಬಟ್ಟಲಿನಲ್ಲಿ ಅದರ ಮುಖದ ಬಿಂಬವನ್ನು ನೋಡಬೇಕೆಂಬ ಪರಿಹಾರವೂ ದಕ್ಷಿಣ ಭಾರತದ ಹಲವೆಡೆ ಪ್ರಚಲಿತವಾಗಿವೆ. ಉಡುಪಿ, ಕಾಪು, ಕಾರ್ಕಳಗಳನ್ನೊಳಗೊಂಡ ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿಯನ್ನು ಅನುಸರಿಸುತ್ತಿದ್ದ ಸಮುದಾಯಗಳಲ್ಲಿ ಸಾಮಾನ್ಯವಾಗಿ ಸೋದರಮಾವನೇ ಕುಟುಂಬದ ಯಜಮಾನ. ಸೋದರಿಯ ಮಕ್ಕಳೇ ವಾರಸುದಾರರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಹಕ್ಕಿನ ಕ್ರಮವನ್ನು ಬದಲಿಸಿತು. ಅಂತಹ ಮನೆಯಲ್ಲಿ ಮಾವ ಮತ್ತು ಮಗುವಿನ ನಡುವೆ ಹುಟ್ಟಿನಲ್ಲೇ ಶಂಕೆಯನ್ನು ಬಿತ್ತುವ ನಂಬಿಕೆಯ ಭಾರ ಸಣ್ಣದಾಗಿರಲಾರದು.

ವಾಸ್ತವವಾಗಿ ಇದು ಅಪರೂಪದ ಸಂಗತಿಯಲ್ಲ. ಸುಮಾರು ನಾಲ್ಕು ಹೆರಿಗೆಗಳಲ್ಲಿ ಒಂದರಲ್ಲಿ ಬಳ್ಳಿ ಕೊರಳನ್ನು ಸುತ್ತಿರುತ್ತದೆ. ಬಳ್ಳಿಯ ಸರಾಸರಿ ಉದ್ದ 50ರಿಂದ 60 ಸೆಂ.ಮೀ. ಗರ್ಭಜಲದಲ್ಲಿ ಶಿಶು ಹೊರಳುವಾಗ ಸುತ್ತು ಬೀಳುತ್ತದೆ, ಎಷ್ಟೋ ಬಾರಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಸುರಿ ಕೈ ಮೇಲೆತ್ತಿದ್ದರಿಂದ ಅಥವಾ ಹಗ್ಗ ದಾಟಿದ್ದರಿಂದ ಹೀಗಾಯಿತೆಂಬ ಮಾತಿಗೆ ಆಧಾರವಿಲ್ಲ.

ಕೊರಳು ಬಿಗಿದು ಮಗುವಿನ ಉಸಿರು ಕಟ್ಟುತ್ತದೆಂಬ ಕಲ್ಪನೆಯೂ ತಿದ್ದುಪಡಿಗೆ ಅರ್ಹ. ಗರ್ಭಸ್ಥ ಶಿಶು ಮೂಗಿನಿಂದ ಉಸಿರಾಡುವುದಿಲ್ಲ. ಅದಕ್ಕೆ ಆಮ್ಲಜನಕ ಬರುವುದು ಬಳ್ಳಿಯ ರಕ್ತನಾಳದ ಮೂಲಕ. ಈ ನಾಳಗಳನ್ನು ಲೋಳೆಯಂತಹ ಮೆತ್ತನೆಯ ಪದರ ಕಾಪಾಡುತ್ತದೆ. ಹೀಗಾಗಿ ಅಪಾಯವಿರುವುದು ಕೊರಳಿಗಲ್ಲ, ಬಳ್ಳಿಯೇ ಒತ್ತಲ್ಪಟ್ಟಾಗ. ಅದರ ಸೂಚನೆ ದೊರೆಯುವುದು ಶಿಶುವಿನ ಹೃದಯ ಬಡಿತದಲ್ಲಿ: ನೋವಿನೊಡನೆ ತಗ್ಗಿದ ಬಡಿತ ಬೇಗನೆ ಚೇತರಿಸಿಕೊಂಡರೆ ಸಾಮಾನ್ಯವಾಗಿ ಕಾಯಬಹುದು, ಮತ್ತೆ ಮತ್ತೆ ಆಳವಾಗಿ ತಗ್ಗಿ ನಿಧಾನವಾಗಿ ಏರಿದರೆ ತ್ವರಿತ ಕ್ರಮ ಬೇಕು.

ತಲೆ ಹೊರಬಂದೊಡನೆ ಹೆರಿಗೆ ಮಾಡಿಸುವವರು ಕೊರಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಸುತ್ತು ಸಡಿಲವಿದ್ದರೆ ತಲೆಯ ಮೇಲಿನಿಂದ ಜಾರಿಸುತ್ತಾರೆ. ಬಿಗಿಯಿದ್ದರೆ ತಲೆಯನ್ನು ತಾಯಿಯ ತೊಡೆಗೆ ಸಮೀಪವಾಗಿ ಹಿಡಿದು, ಮೈ ಹೊರಬಂದ ಮೇಲೆ ಸುತ್ತು ಬಿಡಿಸುತ್ತಾರೆ. ಭುಜ ಹೊರಬರುವ ಮೊದಲೇ ಬಳ್ಳಿಯನ್ನು ಕತ್ತರಿಸುವುದು ಕೊನೆಯ ಉಪಾಯ. ಭುಜ ಸಿಲುಕಿದರೆ ಮಗುವಿಗೆ ಆಮ್ಲಜನಕದ ಬೇರೆ ದಾರಿಯೇ ಇರುವುದಿಲ್ಲ.

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ನಂತರ ಈ ಪ್ರದೇಶದ ವೈದ್ಯಕೀಯ ಚಿತ್ರವೇ ಬದಲಾಯಿತು. ಸೂಲಗಿತ್ತಿಯ ಕೈಯಲ್ಲಿದ್ದ ಹೆರಿಗೆ ಕ್ರಮೇಣ ಆಸ್ಪತ್ರೆಗೆ ಸಾಗಿತು. ಆದರೆ ಆತಂಕ ರೂಪ ಬದಲಿಸಿದೆ: ಸ್ಕ್ಯಾನಿಂಗ್ ವರದಿಯಲ್ಲಿ ಬಳ್ಳಿಯ ಸುತ್ತು ಕಂಡರೆ ಶಸ್ತ್ರಚಿಕಿತ್ಸೆ ಅನಿವಾರ್ಯವೆಂದು ಭಾವಿಸುವವರಿದ್ದಾರೆ. ಸುತ್ತು ಮಾತ್ರವೇ ಸಿಸೇರಿಯನ್ನಿಗೆ ಕಾರಣವಾಗದು. ಮಣಿಪಾಲದಿಂದ 30 ಕಿ.ಮೀ.ಗೂ ಹೆಚ್ಚು ದೂರವಿರುವ ಕಾರ್ಕಳದ ಬಸುರಿಗಾಗಲಿ, ಕಾಪುವಿನ ಕಡಲತೀರದವಳಿಗಾಗಲಿ ಅಗತ್ಯವಿರುವುದು ಹೃದಯ ಬಡಿತವನ್ನು ಎಡೆಬಿಡದೆ ಗಮನಿಸುವ ನುರಿತ ಸಿಬ್ಬಂದಿ ಹಾಗೂ ಬೇಕಾದಾಗ ಶಸ್ತ್ರಚಿಕಿತ್ಸೆಗೆ ಸಕಾಲದಲ್ಲಿ ತಲಪುವ ವ್ಯವಸ್ಥೆ. ಬಳ್ಳಿ ಸುತ್ತಿದ್ದು ತಾಯಿಯ ತಪ್ಪೂ ಅಲ್ಲ, ಮಗುವಿನ ದೋಷವೂ ಅಲ್ಲ.