ಮನೆಗೆ ಕಳುಹಿಸಿದ ಮಕ್ಕಳನ್ನು ಮರಳಿ ತರಗತಿಗೆ ತಂದ ದಾದಿ

ಪದೇ ಪದೇ ಗೈರುಹಾಜರಾಗುವ ವಿದ್ಯಾರ್ಥಿಗೆ ಸೋಮಾರಿ ಎಂಬ ಹಣೆಪಟ್ಟಿ ಅಂಟಿಸುವುದು ಸುಲಭ. ಆದರೆ ಕಜ್ಜಿ, ಹೇನು, ಕಣ್ಣುಬೇನೆಯಂಥ ಸಣ್ಣಪುಟ್ಟ ತೊಂದರೆಗಳೂ ಮಕ್ಕಳನ್ನು ವಾರಗಟ್ಟಲೆ ಶಾಲೆಯಿಂದ ದೂರ ಇಡಬಲ್ಲವು. ಇದಕ್ಕೆ ಶಾಲಾ ದಾದಿಯೇ ಮದ್ದು ಎಂಬುದನ್ನು ನ್ಯೂಯಾರ್ಕ್ ನಗರ ಶತಮಾನದ ಹಿಂದೆಯೇ ತೋರಿಸಿಕೊಟ್ಟಿದೆ.

ವಲಸೆ ಬಂದ ಬಡ ಕಾರ್ಮಿಕರಿಂದ ತುಂಬಿದ್ದ ಆ ನಗರದ ಶಾಲೆಗಳಲ್ಲಿ ವೈದ್ಯರು ಮಕ್ಕಳನ್ನು ತಪಾಸಣೆ ಮಾಡುತ್ತಿದ್ದರು. ಟ್ರಕೋಮಾ ಎಂಬ ಕಣ್ಣಿನ ಸೋಂಕು, ಹುಳುಕಡ್ಡಿ, ಹೇನು ಕಂಡುಬಂದರೆ ಮಗುವನ್ನು ಮನೆಗೆ ಕಳುಹಿಸುತ್ತಿದ್ದರು. ಆದರೆ ಚಿಕಿತ್ಸೆಯ ಹೊಣೆ ಯಾರದೂ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅದೇ ಮಗು ಅದೇ ಸಹಪಾಠಿಗಳೊಂದಿಗೆ ಬೀದಿಯಲ್ಲಿ ಆಡುತ್ತಿತ್ತು. ಪಾಠವೂ ತಪ್ಪಿತು, ಸೋಂಕೂ ನಿಲ್ಲಲಿಲ್ಲ.

ಹೆನ್ರಿ ಸ್ಟ್ರೀಟ್ ಸೇವಾಕೇಂದ್ರದ ಸ್ಥಾಪಕಿ ಲಿಲಿಯನ್ ವಾಲ್ಡ್ ಅವರು 1902ರ ಅಕ್ಟೋಬರ್‌ನಲ್ಲಿ ಲೀನಾ ರಾಜರ್ಸ್ ಎಂಬ ದಾದಿಯನ್ನು ಒಂದು ತಿಂಗಳ ಪ್ರಯೋಗಕ್ಕಾಗಿ ನಾಲ್ಕು ಶಾಲೆಗಳಿಗೆ ನೀಡಿದರು. ರಾಜರ್ಸ್ ಸಣ್ಣ ತೊಂದರೆಗಳಿಗೆ ಶಾಲೆಯಲ್ಲೇ ಔಷಧಿ ಹಚ್ಚಿ ಮಕ್ಕಳನ್ನು ತರಗತಿಗೆ ಕಳುಹಿಸಿದರು. ಉಳಿದವರ ಮನೆಗೆ ಹೋಗಿ, ಆರೈಕೆ ಮಾಡುವ ಬಗೆಯನ್ನು ತಾಯಂದಿರಿಗೆ ಕಲಿಸಿಕೊಟ್ಟರು. ಫಲಿತಾಂಶ ಕಂಡ ನಗರಾಡಳಿತ ಇನ್ನಷ್ಟು ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ಹೊರಗುಳಿಸಲ್ಪಟ್ಟ ಮಕ್ಕಳು 10,567. ಮರುವರ್ಷದ ಸೆಪ್ಟೆಂಬರ್‌ನಲ್ಲಿ 1,101 ಮಾತ್ರ!

ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ವೈದ್ಯರು ಮತ್ತು ದಾದಿಯರನ್ನು ಒಳಗೊಂಡ ತಂಡ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆ ಭೇಟಿ ನೀಡಬೇಕು. ಇದು ಸ್ವಾಗತಾರ್ಹ. ಆದರೆ ಹೇನು, ಕಜ್ಜಿ, ಜ್ವರ ವರ್ಷಕ್ಕೊಮ್ಮೆ ಬರುವ ಅತಿಥಿಗಳಲ್ಲ.

ಹೊರನಾಡಿನ ಕನ್ನಡ ಸಂಘಗಳು ಮಕ್ಕಳಿಗೆ ಪುಸ್ತಕ ವಿತರಣೆ, ಆರೋಗ್ಯ ತಪಾಸಣಾ ಶಿಬಿರಗಳನ್ನು ನಡೆಸುತ್ತಾ ಬಂದಿರುವುದು ಶ್ಲಾಘನೀಯ. ಶಿಬಿರದಲ್ಲಿ ವೈದ್ಯರು ಬರೆದುಕೊಟ್ಟ ಚೀಟಿ ಆಮೇಲೆ ಏನಾಯಿತು ಎಂದು ವಿಚಾರಿಸುವವರೂ ಬೇಕು. ಮಗು ಆಸ್ಪತ್ರೆಗೆ ಹೋಯಿತೇ? ಕನ್ನಡಕ ಸಿಕ್ಕಿತೇ? ಮರಳಿ ತರಗತಿಗೆ ಬಂತೇ? ಸಂಘದಲ್ಲಿರುವ ನಿವೃತ್ತ ದಾದಿಯರು, ಮಹಿಳಾ ವಿಭಾಗದ ಸದಸ್ಯೆಯರು ತಿಂಗಳಿಗೊಮ್ಮೆ ಇಷ್ಟನ್ನು ವಿಚಾರಿಸಿದರೂ ಸಾಕು. ರೋಗ ಪತ್ತೆಹಚ್ಚಿದರಷ್ಟೇ ಸಾಲದು, ಮಗುವಿನ ಮನೆಯ ಮೆಟ್ಟಿಲು ಹತ್ತುವವರಿದ್ದಾಗಲೇ ತರಗತಿಯ ಖಾಲಿ ಬೆಂಚು ತುಂಬೀತು.